ಹತ್ತು ದಿನದೊಳಗೆ ಉತ್ತರ

ಜುಲೈ ೨೯, ಸೋಮವಾರ. ೧೫೨/೯೪

ರಕ್ತದೊತ್ತಡ ದಿನಾ ಬರೆದಿಡಿ ಎಂದು ಡಾಕ್ಟರಮ್ಮ ಈ ಪುಸ್ತಕ ಕೊಟ್ಟಿದ್ದಾರೆ. ಬರೀ ಅಂಕಿ ಬರೆದರೆ ಏನು ತಿಳಿಯುತ್ತದೆ? ಕಾರಣವನ್ನೂ ಬರೆಯುತ್ತೇನೆ. ಅವರಿಗೆ ತೋರಿಸುವಾಗ ಅಂಕಿಗಳನ್ನಷ್ಟೇ ಬೇರೆ ಹಾಳೆಗೆ ಇಳಿಸಿಕೊಂಡರಾಯಿತು.

ಕಾರಣದ ಹೆಸರು ವಿಡ್‌ಕಿಟ್. ಕಂಪ್ಯೂಟರಿನ ಪರದೆಯ ಮೇಲೆ ಕಿಟಕಿ, ಗುಂಡಿ, ಪಟ್ಟಿ ಬಿಡಿಸಿಕೊಡುವ ಹಳೆಯ ಸರಕು. ಬರೆದವರು ಕೈಬಿಟ್ಟು ಒಂಬತ್ತು ವರ್ಷ. ಈಗ ಅದರಲ್ಲಿ ಕಳ್ಳ ನುಗ್ಗುವಂಥ ತೂತು ಸಿಕ್ಕಿದೆ, ಮುಚ್ಚುವವರಿಲ್ಲ. ನಮ್ಮ ಲೋಂಗಾನ್‌ನಲ್ಲಿ ಅದು ಇನ್ನೂ ಕೂತಿದೆ.

ಲೋಂಗಾನ್ ಎಂದರೆ ನಾವು ಏಳು ಜನ ಹದಿನಾರು ವರ್ಷದಿಂದ ಬಿಟ್ಟಿ ದುಡಿದು ಕಟ್ಟಿಕೊಂಡು ಬಂದ ಲಿನಕ್ಸ್, ಕಂಪ್ಯೂಟರನ್ನು ನಡೆಸುವ ತಂತ್ರಾಂಶ. ದಕ್ಷಿಣದ ಒಂದು ಜಿಲ್ಲೆಯ ನೂರಾ ಎಂಬತ್ತು ಶಾಲೆಗಳು ಅದನ್ನು ಬಳಸುತ್ತವೆ. ಆಗಸ್ಟ್ ಮೂವತ್ತೊಂದರ ಸಂಜೆ ಆರಕ್ಕೆ ಹೊಸ ಆವೃತ್ತಿಯ ಪಟ್ಟಿ ಮುಚ್ಚುತ್ತದೆ. ಅಷ್ಟರಲ್ಲಿ ವಿಡ್‌ಕಿಟ್ ಹೋಗಿರದಿದ್ದರೆ ಶಾಲೆಯವರ ಸುರಕ್ಷತಾ ತಪಾಸಣೆಯಲ್ಲಿ ನಾವು ಫೇಲು. ಆ ಶಾಲೆಗಳು ಬಿಟ್ಟರೆ ಲೋಂಗಾನ್‌ಗೆ ಉಳಿಯುವುದು ನಾವು ಏಳು ಜನ ಮತ್ತು ನಮ್ಮ ಹಠ.

ವಿಡ್‌ಕಿಟ್ ಅನ್ನು ನೆಚ್ಚಿಕೊಂಡ ಪ್ಯಾಕೇಜುಗಳು, ಎಂದರೆ ಲೋಂಗಾನ್‌ನೊಳಗಿನ ಬಿಡಿ ತಂತ್ರಾಂಶಗಳು, ನಲವತ್ತೊಂದು. ಒಂದೊಂದನ್ನೂ ಬಿಡಿಸದೆ ಅದನ್ನು ಎಳೆಯುವಂತಿಲ್ಲ. ಬಿಡುಗಡೆಯ ಹೊಣೆ ಹೊತ್ತಿರುವ ಪಾನ್ ಯೀಹುಯ್ ಫೋನ್ ಮಾಡಿದಳು.

"ಈ ಕೆಲಸಕ್ಕೆ ಕರುಣೆ ಇಲ್ದೋರು ಬೇಕು. ಅದಕ್ಕೆ ನಿನ್ನ ನೆನಪಾಯ್ತು."

"ಹೊಗಳ್ತಿದ್ದೀಯೋ ಬೈತಿದ್ದೀಯೋ?"

"ಮೂವತ್ತೊಂದಕ್ಕೆ ಹೇಳ್ತೀನಿ."

ನನ್ನ ಸರ್ವರಿನ ಮೇಲೆ ಜೋಳದ ಕುರುಕಲಿನ ಹೊಸ ಹಸಿರು ಪೊಟ್ಟಣ ಇಟ್ಟೆ. ಹಸಿರೇ ಆಗಬೇಕು, ತಾರೀಖು ಮೀರಿರಬಾರದು. ಆಗ ಯಂತ್ರ ಹೇಳಿದ ಮಾತು ಕೇಳುತ್ತದೆ. ಈ ದ್ವೀಪದಲ್ಲಿ ಇದನ್ನು ನಂಬದ ಇಂಜಿನಿಯರ್ ಇದ್ದರೆ ಅವನ ಸರ್ವರ್ ಕೆಟ್ಟು ನಿಂತಿರುತ್ತದೆ.

ಆಗಸ್ಟ್ ೨, ಶುಕ್ರವಾರ. ೧೫೫/೯೬

ಉಳಿದಿದ್ದು ಇಪ್ಪತ್ತಾರು.

ಬೆಳಿಗ್ಗೆ ಜೀವ ಬಾಯಿಗೆ ಬಂದಿತ್ತು. ಪರದೆಯ ಮೇಲೆ ಅಕ್ಷರ ಮೂಡಿಸುವ ಹಳೆಯ ಅಕ್ಷರಸಂಚಯದ ಪ್ಯಾಕೇಜೊಂದನ್ನು ಪರೀಕ್ಷಾ ಯಂತ್ರಕ್ಕೆ ಹಾಕಲು ಹೋದರೆ, "ಇದನ್ನು ಹಾಕಲು ೨೧೪ ಪ್ಯಾಕೇಜುಗಳನ್ನು ತೆಗೆಯಲಾಗುವುದು, ಮುಂದುವರಿಯಲೇ?" ಎಂದು ಕೇಳಿತು. ಪಟ್ಟಿ ನೋಡಿದರೆ ಇಡೀ ಡೆಸ್ಕ್‌ಟಾಪು! ಬೇಡ ಎಂದು ಒತ್ತಿ ಹತ್ತು ನಿಮಿಷ ನೀರು ಕುಡಿಯುತ್ತ ಕೂತೆ. ಒಂದನ್ನು ಮುಟ್ಟಿದರೆ ಇನ್ನೊಂದು ಅಲ್ಲಾಡುತ್ತದೆ. ಎಲ್ಲರೂ ಎಲ್ಲರ ಕಾಲು ಹಿಡಿದುಕೊಂಡು ನಿಂತಿದ್ದಾರೆ.

ಅರ್ಧಕ್ಕರ್ಧ ಪ್ಯಾಕೇಜುಗಳ ಪಾಲಕರು, ಎಂದರೆ ಅವನ್ನು ನೋಡಿಕೊಳ್ಳುವ ಹೊಣೆ ಹೊತ್ತವರು, ಪತ್ತೆಯೇ ಇಲ್ಲ. ಒಬ್ಬ ಬೇಕರಿ ಇಟ್ಟನಂತೆ. ಇನ್ನೊಬ್ಬ ಬೌದ್ಧ ಸನ್ಯಾಸಿಯಾದನಂತೆ. ಆಗಲಿ, ಸಂತೋಷ. ಹೋಗುವ ಮುಂಚೆ ಒಂದು ಸಾಲು ಬರೆದು ಹೋಗಲು ಏನಾಗಿತ್ತು? ಸಂಜೆ ಕಸದ ಲಾರಿ ಹಾಡುತ್ತ ಬಂದರೆ ಎಂಬತ್ತರ ಮುದುಕಿಯೂ ಚೀಲ ಹಿಡಿದು ತಾನೇ ಕೆಳಗೆ ಇಳಿಯುತ್ತಾಳೆ. ಕಸ ನೆಲಕ್ಕೆ ಬಿಡುವಂತಿಲ್ಲ, ಅವರವರ ಕೈಯಿಂದಲೇ ಲಾರಿಗೆ ಹೋಗಬೇಕು. ಈ ಮಹನೀಯರ ಕಸವನ್ನು ಮಾತ್ರ ನಾನು ಹೊರಬೇಕು.

ಆಗಸ್ಟ್ ೬, ಮಂಗಳವಾರ. ೧೫೮/೯೭

ಉಳಿದಿದ್ದು ಆರು. ಆರರಲ್ಲಿ ಮಹಾ ಮೊಂಡು ಯಿಶೆಂಗ್.

ಪರದೆಯ ಮೇಲೆ ಮೂವತ್ತೇಳು ಅಕ್ಷರಗಳ ಮಣೆ. ಬೆಳಕು ಒಂದೊಂದೇ ಅಕ್ಷರದ ಮೇಲೆ ಹಾದುಹೋಗುತ್ತದೆ, ಬೇಕಾದ ಕಡೆ ಒಂದೇ ಒಂದು ಗುಂಡಿ ಒತ್ತಬೇಕು. ಆಮೇಲೆ ಯಂತ್ರ ಅದನ್ನು ಓದಿ ಹೇಳುತ್ತದೆ, ಬೇಕೆಂದರೆ ಗಂಟೆಯನ್ನೂ ಬಾರಿಸುತ್ತದೆ. ಇಷ್ಟು ನಿಧಾನಕ್ಕೆ ಬರೆಯುವ ತಾಳ್ಮೆ ಯಾರಿಗಿದೆಯೋ! ಬಳಕೆಯ ಎಣಿಕೆ ತೆಗೆದು ನೋಡಿದೆ. ಇಡೀ ಜಗತ್ತಿನಲ್ಲಿ ಇದು ಎರಡು ಯಂತ್ರಗಳಲ್ಲಿದೆ. ಅದರಲ್ಲಿ ಒಂದು ನನ್ನದೇ ಪರೀಕ್ಷಾ ಯಂತ್ರ.

ಪಾಲಕನ ಹೆಸರು ಗೂ ತ್ಸುಂಗ್‌ಹೆ. ಮೊದಲೆಲ್ಲ ವಾರಕ್ಕೆ ಹತ್ತು ಬದಲಾವಣೆ ಮಾಡುತ್ತಿದ್ದವನು ನಾಲ್ಕು ವರ್ಷದಿಂದ ವರ್ಷಕ್ಕೆ ಒಂದು ಸಾಲು ತಿದ್ದಿದ್ದಾನೆ. ಒಂದು ಸಾಲು! ಒಂದು ಅಲ್ಪವಿರಾಮ ಆಚೀಚೆ ಮಾಡಿ ಪ್ಯಾಕೇಜು ಬದುಕಿದೆ ಎಂದು ತೋರಿಸಿಕೊಳ್ಳುವ ಸೋಮಾರಿಗಳನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನಿಯಮದಂತೆ ಪತ್ರ ಬರೆದೆ. ಕೊನೆಯ ಸಾಲು ಹೀಗೆ:

"ಹತ್ತು ದಿನದೊಳಗೆ ಉತ್ತರ ಬಾರದಿದ್ದರೆ ನೀವು ಸತ್ತಿದ್ದೀರೆಂದು ತಿಳಿದು ಮುಂದಿನ ಕೆಲಸ ಮಾಡಲಾಗುವುದು."

ಪಾನ್‌ಗೂ ಪ್ರತಿ ಕಳಿಸಿದ್ದೆ. "ಸ್ವಲ್ಪ ಜಾಸ್ತಿಯಾಯ್ತು" ಎಂದಳು. ನನಗೆ ಹಾಗೇನೂ ಅನ್ನಿಸಲಿಲ್ಲ.

ಆಗಸ್ಟ್ ೧೧, ಭಾನುವಾರ. ೧೬೨/೯೯

ಐದು ಹೋದವು. ಯಿಶೆಂಗ್ ಒಂದೇ ಉಳಿದಿದೆ. ನಿನ್ನೆ ಹಲ್ಲಿನ ಡಾಕ್ಟರೊಬ್ಬರ ಕುರ್ಚಿ ರಿಪೇರಿಗೆ ಹೋದವನು ಅವರ ಮೇಲೇ ಕೂಗಾಡಿ ಬಂದೆ. ಅನ್ನ ಕೊಡುವ ಕೆಲಸ ಅದು. ಹೀಗಾದರೆ ಅದೂ ಕೈಬಿಡುತ್ತದೆ.

ಉತ್ತರ ಇಲ್ಲ.

ಆಗಸ್ಟ್ ೧೬, ಶುಕ್ರವಾರ. ೧೪೯/೯೨

ಹತ್ತು ದಿನ ಮುಗಿಯಿತು. ಬೆಳಿಗ್ಗೆ ಎಂಟಕ್ಕೆ ಯಿಶೆಂಗ್ ತೆಗೆದೆ, ಅದರ ಬೆನ್ನಿಗೇ ವಿಡ್‌ಕಿಟ್ ತೆಗೆದೆ.

ನಮ್ಮ ಪಟ್ಟಿಯಿಂದ ತೆಗೆದರಷ್ಟೇ ಸಾಲದು. ಜನರ ಯಂತ್ರಗಳಲ್ಲಿ ಹಳೆಯದು ಹಾಗೇ ಕೂತಿರುತ್ತದೆ, ತೂತೂ ಉಳಿಯುತ್ತದೆ. ಅದಕ್ಕೆ ಹೊಸ ಪ್ಯಾಕೇಜಿನಲ್ಲಿ ನಾನೇ ಒಂದು ಸಾಲು ಸೇರಿಸಿದೆ: ವಿಡ್‌ಕಿಟ್ ಎಲ್ಲಿ ಕಂಡರೂ, ಅದನ್ನು ನೆಚ್ಚಿದ್ದೆಲ್ಲದರ ಸಮೇತ ಕಿತ್ತುಹಾಕು. ಬರೆಯಲು ಒಂದು ನಿಮಿಷ ಹಿಡಿಯಿತು. ಬಹಳ ಅಚ್ಚುಕಟ್ಟಾದ ಸಾಲು.

ನಲವತ್ತೊಂದು ಈಗ ಸೊನ್ನೆ! ಪಾನ್‌ಗೇ ನಂಬಿಕೆ ಬರಲಿಲ್ಲ. "ಹದಿನೈದು ದಿನ ಮೊದಲೇನಾ? ಏನ್ ತಿಂತೀಯ ಮಹರಾಯ?" ಎಂದಳು. ನಿಲ್ದಾಣದ ಹತ್ತಿರದ ಅಂಗಡಿಯಲ್ಲಿ ಮಾಂಸ ತುಂಬಿ ಕರಿದ ಕಡುಬು, ಬಾ-ವಾನ್, ಎರಡು ತಿಂದೆ. ಡಾಕ್ಟರಮ್ಮ ಕರಿದದ್ದು ಬೇಡ ಎಂದಿದ್ದಾರೆ. ಇವತ್ತೊಂದು ದಿನ.

ಆಗಸ್ಟ್ ೧೭, ಶನಿವಾರ. ೧೪೬/೯೦

ಯಿಶೆಂಗ್ ಬಳಕೆಯ ಎಣಿಕೆ ಎರಡರಿಂದ ಒಂದಕ್ಕೆ ಇಳಿದಿದೆ. ಅಂತೂ ಆ ಮಹಾಶಯ ಎದ್ದು ತನ್ನ ಯಂತ್ರ ಸ್ವಚ್ಛ ಮಾಡಿಕೊಂಡ. ಇನ್ನು ನನ್ನದರಿಂದಲೂ ತೆಗೆದರೆ ಮುಗಿಯಿತು.

ಆಗಸ್ಟ್ ೧೮, ಭಾನುವಾರ. ೧೭೧/೧೦೮

ಚಾಂದ್ರಮಾನದ ಏಳನೇ ತಿಂಗಳ ಹುಣ್ಣಿಮೆ. ದಿಕ್ಕಿಲ್ಲದೆ ಸತ್ತವರಿಗೆ ಬೀದಿಯ ತುಂಬ ಮೇಜು ಹಾಕಿ ಎಡೆ ಇಟ್ಟಿದ್ದರು. ನಾನೂ ಬಿಸ್ಕತ್ತು, ನೂಡಲ್ಸ್, ಒಂದು ಬಾಟಲಿ ಚಹಾ ಇಟ್ಟೆ. ತಮಾಷೆಗೆಂದು ಯಿಶೆಂಗ್ ಹೆಸರಿನಲ್ಲಿ ಇನ್ನೊಂದು ಊದುಬತ್ತಿ ಹಚ್ಚಿದೆ. ಆ ಊದುಬತ್ತಿ ಹಚ್ಚಿದ ಕೈ ಮುರಿಯಬೇಕು.

ರಜೆಯಲ್ಲವೇ ಎಂದು ಇ-ಅಂಚೆಯ ಕಸದ ಬುಟ್ಟಿ ತೆಗೆದು ಅಳಿಸುತ್ತಿದ್ದೆ. ವಿಷಯವಿಲ್ಲದ ಪತ್ರವನ್ನು ನಮ್ಮ ಅಂಚೆ ತಾನಾಗಿ ಅಲ್ಲಿಗೆ ದೂಡುತ್ತದೆ. ಅದರಲ್ಲಿ ಇದಿತ್ತು, ಹದಿನೈದನೇ ತಾರೀಖಿನದು:

"ನಾನು ತ್ಸುಂಗ್‌ಹೆ ಅಲ್ಲ ತಂಗಿ ಯೂಚಿನ್ ಅಣ್ಣ ತೀರಿ ನಾಲ್ಕು ವರ್ಷ ಯಿಶೆಂಗ್ ನನ್ನ ಬಾಯಿ ಕೈಕಾಲು ಇಲ್ಲ ಕೆನ್ನೆ ಮಾತ್ರ ಗಡುವಿನೊಳಗೆ ಇಷ್ಟೇ ಆಗಿದ್ದು ತೆಗೆಯಬೇ"

ಹದಿನೈದು. ಒಂಬತ್ತನೇ ದಿನ. ಉತ್ತರ ಬಂದಿತ್ತು.

ಎಣಿಕೆ ಇಳಿದದ್ದು ಏಕೆಂದು ಆಮೇಲೆ ಹೊಳೆಯಿತು. ಪಟ್ಟಿ ತೆಗೆದು ನೋಡಿದೆ. ಆ ಯಂತ್ರ ನಮ್ಮ ಕಚ್ಚಾ ಆವೃತ್ತಿಯಲ್ಲಿದೆ, ಕಟ್ಟುವವರಷ್ಟೇ ಇಟ್ಟುಕೊಳ್ಳುವುದು. ತಾನು ಎಲ್ಲೋ ಕೂತು ತಿದ್ದಿದ್ದು ಮರುದಿನ ಬೆಳಗಾಗುವಷ್ಟರಲ್ಲಿ ತಂಗಿಗೆ ತಲುಪಲಿ ಎಂದು ಅಣ್ಣ ಹಾಗೆ ಮಾಡಿಟ್ಟಿರಬೇಕು. ಹೊಸದೇನು ಬಂದರೂ ತಾನಾಗಿ ಎಳೆದುಕೊಳ್ಳುತ್ತದೆ. ನಿನ್ನೆ ಬೆಳಿಗ್ಗೆ ನನ್ನ ಅಚ್ಚುಕಟ್ಟಾದ ಸಾಲನ್ನು ಎಳೆದುಕೊಂಡಿದೆ.

ಒಂದು ಕಾಲದಲ್ಲಿ ಪಾನ್ ಅವನಿಗೆ ಲೋಂಗಾನ್ ಹೆಸರಿದ್ದ ಅಂಗಿ ಕಳಿಸಿದ್ದಳು. ವಿಳಾಸ ಸಿಕ್ಕಿತು. ಫಾಂಗ್‌ಯುವಾನ್, ಕಡಲ ದಡ. ಸ್ಕೂಟರಿನಲ್ಲಿ ಒಂದು ಗಂಟೆ. ಹೊರಟೆ.

ಆಗಸ್ಟ್ ೧೯, ಸೋಮವಾರ. ಅಳೆದಿಲ್ಲ, ಯಂತ್ರ ಮನೆಯಲ್ಲಿದೆ

ಅವರ ಮನೆಯ ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ.

ನಿನ್ನೆ ಬಂದಾಗ ಬಾಗಿಲಲ್ಲಿ ಕಡಲ ಸಿಂಪಿಯ ರಾಶಿ, ಅದರ ಮುಂದೆ ಕೈಗವಸು ಹಾಕಿಕೊಂಡ ಮುದುಕಿ. ಯೂಚಿನ್‌ಳ ತಾಯಿ. ಸಿಂಪಿಗೆ ಕೈ ಹಚ್ಚಿರಲಿಲ್ಲ, ಬರೀ ಕೂತಿದ್ದರು. ನನ್ನ ಚೀಲ ನೋಡಿದ್ದೇ ಎದ್ದು ನಿಂತರು.

"ಈಗ ಬಂದ್ಯಾ? ನಿನ್ನೆ ಬೆಳಿಗ್ಗೆ ಫೋನ್ ಮಾಡಿದ್ದು! ನಿಮ್ ಕಂಪ್ನಿಗೆ ಬೆಂಕಿ ಬೀಳ!"

"ಅಮ್ಮ, ನಾನು ಟೆಲಿಫೋನಿನವನಲ್ಲ."

"ಮತ್ಯಾರು?"

ಏನೇನೋ ಹೇಳಬಹುದಿತ್ತು. ತ್ಸುಂಗ್‌ಹೆಯ ಗೆಳೆಯ ಎಂದು ಬಾಯಿಗೆ ಬಂದೇ ಬಿಟ್ಟಿತ್ತು.

"ನಿಮ್ಮ ಮಗಳ ಯಂತ್ರ ಮಾತು ನಿಲ್ಲಿಸಿದ್ದು ನನ್ನಿಂದ. ನಾನೇ ತೆಗೆದದ್ದು."

ಅವರು ಬೈಯುತ್ತಾರೆ ಎಂದುಕೊಂಡೆ. ಕೈಗವಸು ಕಳಚಿ ಪಕ್ಕಕ್ಕಿಟ್ಟರು.

"ತೆಗೆದೋನೇ ಹಾಕು," ಎಂದು ಒಳಗೆ ನಡೆದರು.

ಗೂ ಯೂಚಿನ್‌ಗೆ ನಲವತ್ತನಾಲ್ಕು. ಹಾಸಿಗೆಯ ತಲೆಭಾಗ ಎತ್ತಿಟ್ಟಿದ್ದರು. ಕಣ್ಣು ಮಾತ್ರ ನನ್ನ ಕಡೆ ತಿರುಗಿತು. ಬಲಗೆನ್ನೆಗೆ ಒಂದು ಸಣ್ಣ ಗುಂಡಿ ಅಂಟಿಸಿದೆ. ಎದುರಿಗೆ ಪರದೆ, ಅದರ ತುಂಬ ನಮ್ಮ ಲೋಂಗಾನ್‌ನ ನೀಲಿ ಹಿನ್ನೆಲೆ, ಮತ್ತೇನೂ ಇಲ್ಲ. ಯಂತ್ರದ ನೆತ್ತಿಯ ಮೇಲೆ ಹಸಿರು ಪೊಟ್ಟಣ. ಎತ್ತಿ ತಾರೀಖು ನೋಡಿದೆ. ಬರುವ ಮಾರ್ಚ್‌ವರೆಗೆ ಇದೆ.

"ಅದನ್ನ ಮುಟ್ಬೇಡ," ಎಂದರು ತಾಯಿ. "ತಾರೀಖು ಮುಗಿಯೋಕೆ ಮುಂಚೆ ಬದಲಾಯ್ಸು ಅಂತ ಮಗ ಹೇಳಿದ್ದ. ನಾನು ಒಂದ್ಸಲಾನೂ ತಪ್ಪಿಸಿಲ್ಲ. ಆದ್ರೂ ಯಾಕ್ ಹಿಂಗಾಯ್ತು?"

ಪೊಟ್ಟಣವನ್ನು ಇದ್ದಲ್ಲೇ ಇಟ್ಟೆ.

ಯಿಶೆಂಗ್ ಇಲ್ಲದಿದ್ದರೆ ಇವರಿಬ್ಬರ ನಡುವೆ ಏನೂ ಇಲ್ಲ. ಹೌದಾದರೆ ಮಗಳು ಕಣ್ಣು ಮುಚ್ಚುತ್ತಾಳೆ, ಇಲ್ಲವಾದರೆ ಮುಚ್ಚುವುದಿಲ್ಲ. ಅಕ್ಷರದ ಹಲಗೆ ಹಿಡಿದು ಕೇಳೋಣವೆಂದರೆ ತಾಯಿಗೆ ಅಕ್ಷರ ಬಾರದು. ಎರಡನೇ ಕ್ಲಾಸಿಗೇ ಬಿಡಿಸಿ ಸಿಂಪಿ ಒಡೆಯಲು ಕೂರಿಸಿದರಂತೆ. ಗಂಟಲಲ್ಲಿ ಕಫ ಕಟ್ಟಿದರೆ ಯೂಚಿನ್ ಗಂಟೆ ಬಾರಿಸಬೇಕು, ತಾಯಿ ಬಂದು ಕೊಳವೆಯಿಂದ ತೆಗೆಯಬೇಕು. ಗಂಟೆ ಯಿಶೆಂಗ್‌ನದೇ. ಅದು ಹೋದಾಗಿನಿಂದ ಆ ತಾಯಿ ಹಾಸಿಗೆಯ ಪಕ್ಕ ನೆಲದ ಮೇಲೆ ಕೂತೇ ಇದ್ದಾರೆ, ಕಣ್ಣು ಮುಚ್ಚಿಲ್ಲ. ನಾನು ಬಂದಾಗ ಬಾಗಿಲಲ್ಲಿದ್ದದ್ದು ಟೆಲಿಫೋನಿನವನ ದಾರಿ ಕಾಯಲು, ಅದೂ ನಿಮಿಷಕ್ಕೊಮ್ಮೆ ಒಳಗೆ ಇಣುಕುತ್ತ.

ಹಳೆಯದನ್ನು ಉಗ್ರಾಣದಿಂದ ತಂದು ಹಾಕಿದರೆ ಒಂದು ಗಂಟೆಯ ಕೆಲಸ ಎಂದುಕೊಂಡಿದ್ದೆ. ಯಿಶೆಂಗ್‌ಗೆ ವಿಡ್‌ಕಿಟ್ ಬೇಕು. ವಿಡ್‌ಕಿಟ್‌ಗೆ ಹಳೆಯ ಅಕ್ಷರಸಂಚಯ ಬೇಕು. ಡೆಸ್ಕ್‌ಟಾಪಿಗೆ ಹೊಸ ಅಕ್ಷರಸಂಚಯ ಬೇಕು. ಎರಡೂ ಒಂದೇ ಮನೆಯಲ್ಲಿ ಇರಲಾರವು. ಮತ್ತೆ ಅದೇ ಪ್ರಶ್ನೆ: "೨೧೪ ಪ್ಯಾಕೇಜುಗಳನ್ನು ತೆಗೆಯಲಾಗುವುದು, ಮುಂದುವರಿಯಲೇ?" ಬೇಡ ಎಂದೆ. ಬೇರೆ ದಾರಿ ಹುಡುಕಿದೆ. ಮತ್ತೆ ಅದೇ. ನಿನ್ನೆ ಕತ್ತಲಾಗುವವರೆಗೆ ಅದೇ, ಇವತ್ತು ಬೆಳಗಿನಿಂದ ಅದೇ. ಹದಿನಾರು ವರ್ಷ ಇದೇ ಕೆಲಸ ಮಾಡಿದವನು ನಾನು.

ಆಗಸ್ಟ್ ೨೦, ಮಂಗಳವಾರ

ಬರೆಯಲು ಕೈ ಏಳುತ್ತಿಲ್ಲ. ಆದರೂ ಬರೆದಿಡಬೇಕು.

ಮಧ್ಯಾಹ್ನ ಎರಡಕ್ಕೆ ತಾಯಿ, "ಔಷಧಿ ಅಂಗ್ಡಿಗೆ ಹೋಗ್ಬರ್ತೀನಿ, ನೀನಿದ್ದೀಯಲ್ಲ, ನೋಡ್ಕೋ," ಎಂದು ಹೋದರು. ನಾನು ಪರದೆಗೆ ಮುಖ ಮಾಡಿ ಕೂತಿದ್ದೆ, ಅವಳಿಗೆ ಬೆನ್ನು. ಹೊಸದೊಂದು ಉಪಾಯ ಹೊಳೆದಿತ್ತು, ಅದರಲ್ಲೇ ಮುಳುಗಿದ್ದೆ. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ತಾಯಿ ಬಾಗಿಲಲ್ಲೇ ಕಿರುಚಿದರು. ತಿರುಗಿ ನೋಡಿದರೆ ಯೂಚಿನ್‌ಳ ಮುಖ ಕಪ್ಪಿಟ್ಟಿತ್ತು. ಕಣ್ಣು ಅಗಲವಾಗಿ ನನ್ನ ಬೆನ್ನಿದ್ದ ಜಾಗವನ್ನೇ ನೋಡುತ್ತಿತ್ತು. ಬಲಗೆನ್ನೆ ಅದುರುತ್ತಲೇ ಇತ್ತು. ಗುಂಡಿ ಒತ್ತುತ್ತಿದ್ದಳು. ಎರಡು ಮಾರು ದೂರದಲ್ಲಿ ನಾನಿದ್ದೆ, ನನಗೆ ಏನೂ ಕೇಳಿಸಿರಲಿಲ್ಲ.

ತಾಯಿ ಕೊಳವೆ ಹಾಕಿ ತೆಗೆದರು. ಬಣ್ಣ ಮರಳಿತು. ಔಷಧಿಯ ಚೀಲ ಇನ್ನೂ ಬಾಗಿಲಲ್ಲಿ ಬಿದ್ದಿತ್ತು, ನಾನು ಹೋಗಿ ಎತ್ತಿಕೊಂಡು ಬಂದೆ. ಅಂಗಳದಲ್ಲಿ ನಿಂತು ಅತ್ತೆ. ನಲವತ್ತೆಂಟು ವರ್ಷದ ಗಂಡಸು, ಅಕ್ಕಪಕ್ಕದವರು ನೋಡುತ್ತಿದ್ದರು.

ಒಳಗೆ ಬಂದು ಮೇಜನ್ನು ಸುತ್ತು ತಿರುಗಿಸಿ ಅವಳಿಗೆ ಎದುರಾಗಿ ಕೂತೆ.

"ನನಗೆ ದಾರಿ ಕಾಣ್ತಿಲ್ಲ," ಎಂದೆ. "ಇದನ್ನ ಹಾಕಿದ್ರೆ ಇಡೀ ಡೆಸ್ಕ್‌ಟಾಪ್ ಹೋಗುತ್ತೆ. ಇನ್ನೂರ ಹದಿನಾಲ್ಕು."

ಕಣ್ಣು ಮುಚ್ಚಿದಳು.

"ಹೌದಾ? ಹೋದ್ರೆ ಹೋಗ್ಲಿ ಅಂತಲಾ?"

ಮತ್ತೆ ಮುಚ್ಚಿದಳು. ಈ ಸಲ ಹೆಚ್ಚು ಹೊತ್ತು. ದಡ್ಡರಿಗೆ ಹೇಳುವಾಗ ಜನ ಹಾಗೆ ಮಾಡುತ್ತಾರೆ.

ಅವಳಿಗೆ ಏನು ಬೇಕು ಎಂದು ನಾನು ಎರಡು ದಿನದಲ್ಲಿ ಒಂದು ಸಲವೂ ಕೇಳಿರಲಿಲ್ಲ. ಪಟ್ಟಿಯನ್ನು ಮೇಲಿನಿಂದ ಓದುತ್ತ ಹೋದೆ. ಬೇಕಾದರೆ ಕಣ್ಣು ಮುಚ್ಚಬೇಕು. ಹಿನ್ನೆಲೆಯ ಚಿತ್ರ? ತೆರೆದೇ ಇತ್ತು. ಆಟಗಳು? ತೆರೆದೇ ಇತ್ತು. ಹವಾಮಾನ, ಕ್ಯಾಲೆಂಡರ್, ಮುದ್ರಣ? ಇಲ್ಲ. ಓದಿ ಹೇಳುವ ದನಿ? ಮುಚ್ಚಿದಳು. ಅಂಚೆ? ಮುಚ್ಚಿದಳು. ಎರಡೂವರೆ ಗಂಟೆ ಓದಿದೆ. ಇನ್ನೂರ ಹದಿನಾಲ್ಕರಲ್ಲಿ ಅವಳಿಗೆ ಬೇಕಾದದ್ದು ಏಳು. ಆ ಏಳನ್ನು ಬದಿಗೆ ಎತ್ತಿಟ್ಟು, ಹಳೆಯ ಅಕ್ಷರಸಂಚಯದ ಮೇಲೆ ಒಂದೊಂದಾಗಿ ಕೂರಿಸಬಹುದೇ ನೋಡಿದೆ. ಕೂತವು. ಆಮೇಲೆ ಹೌದು ಎಂದು ಒತ್ತಿದೆ. ನೀಲಿ ಹಿನ್ನೆಲೆ ಹೋಯಿತು. ಕಪ್ಪು ಪರದೆಯ ಮೇಲೆ ಮೂವತ್ತೇಳು ಅಕ್ಷರಗಳ ಮಣೆ ಬಂತು.

ಮೊದಲು ಗಂಟೆ ಬಾರಿಸಿದಳು. ತಾಯಿ ಅಡುಗೆಮನೆಯಿಂದ ಓಡಿಬಂದರು. "ಏನ್ ಬೇಕು? ಏನ್ ಬೇಕು ಮಗ?" ಯಂತ್ರ ಹೇಳಿತು: "ಮಲ್ಕೋ."

ಆ ತಾಯಿ ಹಾಸಿಗೆಯ ಪಕ್ಕದಲ್ಲೇ ಕುಸಿದು ಕೂತು, ಕೂತಲ್ಲೇ ನಿದ್ದೆ ಹೋದರು.

ಆಮೇಲೆ ನನ್ನ ಸರದಿ. ಮೂರು ಗಂಟೆ ಹೊತ್ತು ಬೆಳಕು ಅಕ್ಷರಗಳ ಮೇಲೆ ಹೋಗಿ ಬಂತು. ನಾನು ಅವಳ ಕೆನ್ನೆ ನೋಡುತ್ತ ಕೂತಿದ್ದೆ.

"ನಿಮ್ಮ ಹತ್ತು ದಿನ ನನಗೆ ಒಂದು ಸಾಲು."

"ಹಾಗಾದ್ರೆ ವರ್ಷಕ್ಕೊಂದು ಸಾಲು ತಿದ್ದಿದ್ದು ನೀವಾ?"

ಕಣ್ಣು ಮುಚ್ಚಿದಳು.

ಆ ಸಾಲುಗಳನ್ನು ಇಲ್ಲೇ, ಈ ಪುಸ್ತಕದಲ್ಲೇ ಸೋಮಾರಿತನ ಎಂದು ಬರೆದಿದ್ದೇನೆ. ಆ ಪುಟವನ್ನು ಹರಿಯಲು ಹೋಗಿ ನಿಲ್ಲಿಸಿದೆ. ಇರಲಿ.

ಆಗಸ್ಟ್ ೨೩, ಶುಕ್ರವಾರ. ೧೫೬/೯೫

ಯಿಶೆಂಗ್, ವಿಡ್‌ಕಿಟ್ ಎರಡನ್ನೂ ಮತ್ತೆ ನಮ್ಮ ಪಟ್ಟಿಗೆ ಸೇರಿಸಿದೆ. ಪಾನ್ ಕೂಡಲೇ ಫೋನ್ ಮಾಡಿದಳು.

"ಹೊರಗೆ ಹಾಕಿದ್ದನ್ನ ಮತ್ತೆ ಒಳಗೆ ತಂದ್ಯಾ? ಎಂಟು ದಿನ ಇದೆ ಕಣೋ!"

ಎಲ್ಲ ಹೇಳಿದೆ. ಕೇಳಿ ಅವಳು ಒಂದು ದಾರಿ ಹೇಳಿದಳು.

"ಅವಳ ಯಂತ್ರಕ್ಕೆ ಹಳೇದನ್ನ ಹಾಕಿ, ನಮ್ಮ ಜೊತೆ ಕೊಂಡಿ ಕಿತ್ತುಬಿಡು. ಪಟ್ಟಿಯಿಂದ ತೆಗಿ. ಅವಳ ಮಾತೂ ಉಳಿಯುತ್ತೆ, ಶಾಲೆಗಳೂ ಉಳಿಯುತ್ತೆ."

ನಾನೂ ಹಾಗೇ ಅಂದುಕೊಂಡಿದ್ದೆ. ನಿನ್ನೆ ಯೂಚಿನ್‌ಗೆ ಬರೆದಿದ್ದೆ. ಇವತ್ತು ಉತ್ತರ ಬಂತು: "ಇನ್ನೂ ಮೂವರಿದ್ದಾರೆ ಎಣಿಕೆಗೆ ಒಪ್ಪಿಲ್ಲ." ಯಿಶೆಂಗ್ ಬಳಸುವವರು ಇನ್ನೂ ಮೂವರು, ಎಣಿಕೆಗೆ ಸಿಗುವುದು ತಮ್ಮ ಯಂತ್ರವನ್ನು ಎಣಿಸಲು ಒಪ್ಪಿದವರು ಮಾತ್ರ. ಇದು ನನಗೆ ಮೊದಲಿನಿಂದ ಗೊತ್ತಿದ್ದದ್ದೇ, ಆ ನಿಯಮ ಬರೆದವರಲ್ಲಿ ನಾನೂ ಒಬ್ಬ. ಆ ಮೂವರು ಶಾಲೆಗಳ ಹಾಗೆ ಮುಖ್ಯ ಆವೃತ್ತಿಯಲ್ಲಿದ್ದಾರೆ. ಮೂವತ್ತೊಂದರ ಬಿಡುಗಡೆ ಅವರಿಗೂ ಹೋಗುತ್ತದೆ.

ಇರುವುದು ಒಂದೇ ದಾರಿ. ಯಿಶೆಂಗ್ ಅನ್ನು ವಿಡ್‌ಕಿಟ್ ಇಲ್ಲದೆ ಹೊಸದಾಗಿ ಕಟ್ಟಬೇಕು. ಹನ್ನೊಂದು ಸಾವಿರ ಸಾಲು, ಎಂಟು ದಿನ. ಆಗದ ಕೆಲಸ ಎಂದು ನನಗೂ ಗೊತ್ತು, ಪಾನ್‌ಗೂ ಗೊತ್ತು.

ಆಗಸ್ಟ್ ೨೭, ಮಂಗಳವಾರ. ೧೫೧/೯೨

ಕುರ್ಚಿ ರಿಪೇರಿಗೆ ರಜೆ ಹಾಕಿದ್ದೇನೆ. ಮುಖ ತೊಳೆದು ಎರಡು ದಿನವಾಯಿತು.

ತ್ಸುಂಗ್‌ಹೆಯ ಸಾಲುಗಳ ನಡುವೆ ಟಿಪ್ಪಣಿಗಳಿವೆ. ಅರ್ಥವಿಲ್ಲ ಎಂದು ನಾನು ಹೊಡೆದುಹಾಕಬೇಕೆಂದಿದ್ದ ಒಂದು ತುಂಡಿನ ಮೇಲೆ ಹೀಗೆ ಬರೆದಿದ್ದಾನೆ: "ಹತ್ತು ಗಂಟೆಗೆ ಮುಂಚೆ ಕೆನ್ನೆ ಬಿಗಿ ಇರುತ್ತದೆ, ಬೆಳಕು ನಿಧಾನ ಹೋಗಲಿ. ಅವಳು ಬೈದರೂ ಬದಲಾಯಿಸಬೇಡ." ಅದನ್ನು ಹಾಗೇ ಇಟ್ಟುಕೊಂಡೆ. ಈ ಮನುಷ್ಯನ ಜೊತೆ ಒಂದು ಸಲ ಮಾತಾಡಬೇಕಿತ್ತು.

ನಾನಾಗಿ ಒಂದು ಸೌಲಭ್ಯ ಸೇರಿಸಿದೆ. ಬಂದ ಪತ್ರದಲ್ಲಿನ ಸಾಲನ್ನು ಪೂರ್ತಿಯಾಗಿ ಎತ್ತಿ ತನ್ನ ಪತ್ರಕ್ಕೆ ಹಾಕಿಕೊಳ್ಳಬಹುದು. ಒಂದೊಂದೇ ಅಕ್ಷರ ಒತ್ತುವ ಕಷ್ಟ ಅಷ್ಟಾದರೂ ಕಡಿಮೆಯಾಗಲಿ.

ಆಗಸ್ಟ್ ೨೯, ಗುರುವಾರ. ೧೪೪/೯೦

ಮುಗಿಯಿತು! ಮುಗಿದಿದೆ ಎಂದುಕೊಂಡಿದ್ದೇನೆ. ಬೆಳಿಗ್ಗೆ ಫಾಂಗ್‌ಯುವಾನ್‌ಗೆ ಹೋಗಿ ಹಳೆಯದರ ಪಕ್ಕದಲ್ಲೇ ಹೊಸದನ್ನು ಕೂರಿಸಿದೆ. ತಾಯಿ ಸಿಂಪಿ ಹಾಕಿದ ಗಂಜಿ ಕೊಟ್ಟರು. ಎದುರಿಗೇ ನಿಂತು ತಿನ್ನಿಸಿದರು.

"ಇನ್ನೊಂದ್ಸಲ ತೆಗ್ದೆ ಅಂದ್ರೆ ಈ ಸಿಂಪಿ ಚಾಕು ಇದೆ ನೋಡು."

ಪಾಲಕರ ಹೆಸರಿನ ಜಾಗದಲ್ಲಿ ಅಣ್ಣನ ಹೆಸರು ತೆಗೆಯಲೇ ಎಂದು ಯೂಚಿನ್‌ಳನ್ನು ಕೇಳಿದೆ. ಬಹಳ ಹೊತ್ತು ಕಣ್ಣು ತೆರೆದೇ ಇತ್ತು. "ಪಕ್ಕದಲ್ಲಿ ನಿಮ್ಮ ಹೆಸರು ಹಾಕಲೇ?" ಎಂದೆ. ಮುಚ್ಚಿದಳು. ನಾನು ಹೊರಡುವ ಹೊತ್ತಿಗೆ ಯಂತ್ರ ಹೇಳಿತು: "ಪರೀಕ್ಷೆ ಮಾಡ್ತೀನಿ. ಹೇಳೋ ತನಕ ಮುಟ್ಬೇಡಿ."

ಆಗಸ್ಟ್ ೩೧, ಶನಿವಾರ

ನಿನ್ನೆಯೂ ಏನೂ ಬರಲಿಲ್ಲ. ಇವತ್ತು ಬೆಳಗಿನಿಂದ ಅಂಚೆಯ ಮುಂದೆ ಕೂತಿದ್ದೆ. ಮಧ್ಯಾಹ್ನ ತಾಯಿಗೆ ಫೋನ್ ಮಾಡಿದೆ.

"ಬರೀತಾ ಅವ್ಳೆ ಕಣಪ್ಪ. ಮೊನ್ನೆಯಿಂದ ಬರೀತಾ ಅವ್ಳೆ. ನಾನು ಏನು ಅಂತ ಕೇಳಿದ್ರೆ ನಿಂಗಲ್ಲ ಅಂತಾಳೆ."

ಐದೂ ಐವತ್ತಕ್ಕೆ ಪಾನ್.

"ಗುಂಡಿ ಒತ್ತು. ಹೊಸ ಯಿಶೆಂಗ್ ಒಳಗೆ, ವಿಡ್‌ಕಿಟ್ ಹೊರಗೆ. ಹತ್ತು ನಿಮಿಷ ಇದೆ."

"ಅವಳು ಇನ್ನೂ ಬರೀತಿದ್ದಾಳೆ."

"ಚೆನ್ನಾಗಿದೆ ಅಂತಲೇ ಬರೀತಿರ್ತಾಳೆ!"

"ಚೆನ್ನಾಗಿದ್ರೆ ಇಷ್ಟುದ್ದ ಬರೆಯಲ್ಲ. ಆ ಮೂವರಿಗೂ ಇದೇ ಹೋಗುತ್ತೆ, ಪಾನ್."

"ಹದಿನಾರು ವರ್ಷ ಕಣೋ."

"ಗೊತ್ತು."

"ನೂರಾ ಎಂಬತ್ತು ಶಾಲೆ."

"ಪಾಲಕಿಯ ಉತ್ತರ ಬಂದಿಲ್ಲ. ನಾನು ಒತ್ತಲ್ಲ."

ಇಬ್ಬರೂ ಫೋನ್ ಹಿಡಿದುಕೊಂಡೇ ಇದ್ದೆವು. ಆರು ಹೊಡೆಯಿತು. ಪಟ್ಟಿ ಮುಚ್ಚಿತು, ವಿಡ್‌ಕಿಟ್ ಒಳಗೇ ಉಳಿಯಿತು. ತಪಾಸಣೆಯವರಿಗೆ ತಾನೇ ಪತ್ರ ಬರೆಯುತ್ತೇನೆ ಎಂದಳು ಪಾನ್, "ನೀನು ಮಾತ್ರ ಬರೀಬೇಡ ಮಹರಾಯ." ಮತ್ತೆ ಅರ್ಜಿ ಹಾಕಲು ಫೆಬ್ರವರಿಯೇ. ಅಲ್ಲಿಯವರೆಗೆ ಎಷ್ಟು ಶಾಲೆಗಳು ಉಳಿಯುತ್ತವೋ.

ಏಳೂ ಇಪ್ಪತ್ತಕ್ಕೆ ಪತ್ರ ಬಂತು. ಈ ಸಲ ವಿಷಯ ಬರೆದಿದ್ದಳು.

"ವಿಷಯ: ಹೊಸ ಯಿಶೆಂಗ್, ಗಂಟೆ ಎರಡು ಸಲ.

ಹತ್ತಕ್ಕೆ ಮುಂಚೆ ಕೆನ್ನೆ ನಿಧಾನ ಸಡಿಲ. ಒಂದು ಒತ್ತನ್ನು ಎರಡೆಂದು ಎಣಿಸುತ್ತದೆ. ಎರಡನೇ ಒತ್ತು ಗಂಟೆಯನ್ನು ನಿಲ್ಲಿಸುತ್ತದೆ. ಇಂದು ಅಮ್ಮನಿಗೆ ಕೇಳಲಿಲ್ಲ. ಹಳೆಯದು ಪಕ್ಕದಲ್ಲಿತ್ತು, ಅದಕ್ಕೆ ನಾನು ಬದುಕಿದೆ. ಸರಿಮಾಡಿ.

ಹತ್ತು ದಿನದೊಳಗೆ ಉತ್ತರ ಬಾರದಿದ್ದರೆ ನೀವು ಸತ್ತಿದ್ದೀರೆಂದು ತಿಳಿದು ಮುಂದಿನ ಕೆಲಸ ಮಾಡಲಾಗುವುದು.

ಪಾಲಕಿ, ಗೂ ಯೂಚಿನ್"

ಕೊನೆಯ ಸಾಲನ್ನು ನನ್ನ ಪತ್ರದಿಂದಲೇ ಎತ್ತಿದ್ದಾಳೆ. ಎತ್ತುವ ಸೌಲಭ್ಯ ಮಾಡಿಕೊಟ್ಟವನು ನಾನೇ. ಜೋರಾಗಿ ನಕ್ಕೆ. ನಗುತ್ತ ನಗುತ್ತ ಮತ್ತೊಮ್ಮೆ ಓದಿದೆ, ಅಮ್ಮನಿಗೆ ಕೇಳಲಿಲ್ಲ ಎಂಬಲ್ಲಿ ನಗು ನಿಂತಿತು. ಆ ಮೂವರ ಹೆಸರೂ ನನಗೆ ಗೊತ್ತಿಲ್ಲ. ಆರು ಗಂಟೆಗೆ ಒತ್ತಿದ್ದರೆ ಇಷ್ಟು ಹೊತ್ತಿಗೆ ಈ ತಪ್ಪು ಅವರ ಮನೆಗಳಿಗೆ ಹೊರಟಿರುತ್ತಿತ್ತು.

ಕೆಳಗೆ ಕಸದ ಲಾರಿ ಹಾಡುತ್ತ ಬಂತು, ಹೋಯಿತು. ಚೀಲ ಬಾಗಿಲ ಬಳಿಯೇ ಇದೆ, ನಾಳೆ ಒಯ್ದರಾಯಿತು. ತಪ್ಪು ಎಲ್ಲಿದೆ ಎಂದು ಕಂಡಿದೆ, ತಿದ್ದಲು ನಾಲ್ಕು ದಿನವಾದರೂ ಬೇಕು. ಅದಕ್ಕೆ ಮುಂಚೆ ಅವಳ ಪತ್ರಕ್ಕೆ ಉತ್ತರ ಬರೆದು ಕಳಿಸಿದೆ:

"ಬದುಕಿದ್ದೇನೆ."